ವಾಸನಾಮುಕ್ತಿ

“ತಲಿ ಕಡೆ ಬಾ ಮಾಳವ್ವಕ್ಕ, ಹೆಂಡತಿ ಕಾಲ ಕಡೆ ಕೂಡೂದಲ್ಲ,” ಎಂದು ಪಕ್ಕದ ಮನೆಯ ಗುಲ್ಜಾರಬಿ ರಟ್ಟೆ ಹಿಡಿದು ಎಳೆದಳು. ಮಾಳವ್ವ ಅಲುಗಲಿಲ್ಲ. ಸತ್ತ ಗಂಡನ ಕಾಲಿನ ಎರಡೂ ಹೆಬ್ಬೆರಳು ಕೂಡಿಸಿ ಕಟ್ಟಿದ್ದ ದಾರವನ್ನು ಬಿಚ್ಚಿ ಮತ್ತೆ ಕಟ್ಟಿದಳು. ಗಂಟು ಮೊದಲೇ ಸರಿಯಾಗಿತ್ತು.

“ನನಗ ಇಲ್ಲೇ ಛಲೋ ಐತಿ ಬಿಡ.”

ಕಾಲ ಕಡೆ ಕುಳಿತದ್ದಕ್ಕೆ ಕಾರಣ ಭಕ್ತಿಯಲ್ಲ. ತಲೆಯ ಕಡೆ ಹೋದರೆ ಬಾಯಿ ಬರುತ್ತದೆ, ಬಾಯಿ ಬಂದರೆ ವಾಸನೆ ಬರುತ್ತದೆ. ಆ ವಾಸನೆ ಯಾವುದೆಂದು ತಿಳಿದುಕೊಳ್ಳಲು ಮಾಳವ್ವನಿಗೆ ಧೈರ್ಯವಿರಲಿಲ್ಲ. ಗಂಡ ಹೊಳೆಯಪ್ಪ ಬೆಳಿಗ್ಗೆ, ಪೇಟೆಯ ದುರ್ಗದಬೈಲ್‌ಗೆ ಹೋಗುವ ಹಾದಿಯಲ್ಲಿ, ವೈನ್ ಶಾಪಿನ ಮೆಟ್ಟಿಲ ಮೇಲೆ ಬಿದ್ದು ಸತ್ತಿದ್ದ. ಎದೆ ನಿಂತಿತು ಎಂದರು ಡಾಕ್ಟರು. ಓಣಿ ಅಷ್ಟಕ್ಕೇ ಬಿಡಲಿಲ್ಲ. ಗುಡಿಯ ಮೆಟ್ಟಿಲ ಮೇಲೆ ಬಿದ್ದರೆ ಪುಣ್ಯವಂತ, ಬ್ಯಾಂಕಿನ ಮೆಟ್ಟಿಲ ಮೇಲೆ ಬಿದ್ದರೆ ‘ಪಾಪ, ಏನು ಚಿಂತೆಯಿತ್ತೋ’. ವೈನ್ ಶಾಪಿನ ಮೆಟ್ಟಿಲಿಗೆ ಮಾತ್ರ ಒಂದೇ ಅರ್ಥ. ಷಟರ್ ಇನ್ನೂ ಇಳಿದೇ ಇತ್ತು ನಿಜ, ಆದರೆ ಹಿಂದಿನ ಬಾಗಿಲಿನ ವಿಷಯ ಊರಿಗೇ ಗೊತ್ತು. ಸಾಲದ್ದಕ್ಕೆ, ಹೊಳೆಯಪ್ಪ ಕುಡಿತ ಬಿಟ್ಟವರ ಮನೆ ನಡೆಸುತ್ತಿದ್ದವನು.

ಹೊರಗೆ ಕಟ್ಟೆಯ ಮೇಲೆ ಗಂಡಸರು ದನಿ ತಗ್ಗಿಸಿ ಮಾತಾಡುತ್ತಿದ್ದರು. ಸತ್ತವರ ಮನೆಯಲ್ಲಿ ದನಿ ತಗ್ಗಿಸುವುದು ಎಲ್ಲರಿಗೂ ಕೇಳಲೆಂದೇ.

“ಬಿಟ್ಟು ಭಾಳ ವರ್ಷ ಆಗಿತ್ತಲ್ಲೋ.”

“ಇಂವ ಅದನ್ನ ಬಿಟ್ಟಿದ್ದ, ಖರೇ. ಅದು ಇವನ್ನ ಬಿಟ್ಟಿತ್ತೇನು?”

“ತಿಳೀದ ಮಾತಾಡಬ್ಯಾಡ್ರಿ,” ಎಂದ ವಿನೋದ. ಆ ಮನೆಗೆ ಎಲ್ಲರಿಗಿಂತ ಈಚೆಗೆ ಬಂದು ಸೇರಿದವನು, ದುರ್ಗದಬೈಲ್‌ನ ಪಾತ್ರೆ ಅಂಗಡಿಯಲ್ಲಿ ಕೆಲಸ. “ನನಗ ಆ ವೈನ್ ಶಾಪ್ ಮುಂದ ಒಬ್ಬಾಂವಗ ಹಾದು ಹೋಗಾಕ ಆಗೂದಿಲ್ಲ. ಕಾಕಾ ದಿನಾ ಮುಂಜಾನೆ ನನ್ನ ಕೈ ಹಿಡಕೊಂಡು ದಾಟಸ್ತಿದ್ರು. ಇವತ್ತೂ ದಾಟಿಸಿ, ಅಂಗಡಿಗೆ ಬಿಟ್ಟು, ಹೊಳ್ಳಿ ಮನಿಗೆ ಹೊಂಟಿದ್ರು.”

“ಹೊಳ್ಳಿ ಬರಬೇಕಾದ್ರ ಅವರನ್ನ ಯಾರ ದಾಟಸ್ತಿದ್ರಪಾ?”

ಒಳಗೆ ಕುಳಿತು ಕೇಳಿಸಿಕೊಳ್ಳುತ್ತಿದ್ದ ಮಾಳವ್ವ ದಾರದ ಗಂಟನ್ನು ಮತ್ತೊಮ್ಮೆ ಬಿಚ್ಚಿದಳು.

ಅಷ್ಟರಲ್ಲಿ ಅಮ್ಮಿನಬಾವಿಯಿಂದ ಹೊಳೆಯಪ್ಪನ ಅಣ್ಣ ಫಕ್ಕೀರಪ್ಪ ಬಂದ. ತಮ್ಮನ ಹಣೆ ಮುಟ್ಟಿ ಸ್ವಲ್ಪ ಹೊತ್ತು ಅತ್ತ. ಆಮೇಲೆ ಹೆಗಲ ಚೀಲವನ್ನು ತಟ್ಟಿ, ಒಳಗಿನ ಬಾಟಲಿ ಸದ್ದು ಮಾಡುವಂತೆ ಕೆಳಗಿಟ್ಟ.

“ಸತ್ತಾಂವಗ ಪ್ರೀತಿದ್ದು ಏನಿತ್ತೋ ಅದನ್ನ ಎರಡ ಹನಿ ಬಾಯಾಗ ಬಿಟ್ಟು ಕಳಸೂದು ನಮ್ಮ ಮನಿ ಪದ್ಧತಿ, ಮಾಳವ್ವ. ಅಪ್ಪಗ ಬಿಟ್ಟೇವಿ, ಕಾಕಾಗ ಬಿಟ್ಟೇವಿ.”

“ಇವರು ಬಿಟ್ಟಬಿಟ್ಟಿದ್ರು, ಭಾವಾರ.”

“ಮುಂಜಾನೆ ಹೋಗಿದ್ದ ಅಂತಾರಲ್ಲ ಮಂದಿ.”

ಅವನ ದನಿಯಲ್ಲಿ ಆರೋಪವಿರಲಿಲ್ಲ. ದಾರಿ ತಪ್ಪಿದ್ದ ತಮ್ಮ ಕೊನೆಗೂ ಮನೆತನಕ್ಕೆ ಮರಳಿದನಲ್ಲ ಎಂಬ ಸಮಾಧಾನವಿತ್ತು. ಬೇಡ ಎನ್ನಲು ಮಾಳವ್ವ ಬಾಯಿ ತೆರೆದಳು. ಆದರೆ ಬೆಳಿಗ್ಗೆ ನಿಜಕ್ಕೂ ಕುಡಿದಿದ್ದರೆ? ಕುಡಿದ ಬಾಯಿಗೆ ಬೇಡ ಎಂದು ಯಾವ ಮುಖದಿಂದ ಹೇಳುವುದು?

“ಮೊದಲ ಜಳಕ ಆಗ್ಲಿ,” ಎಂದಷ್ಟೇ ಹೇಳಿದಳು.

*

ಆ ಮನೆಗೆ ಒಂದೇ ಕಾಯಿದೆ. ಸಂಜೆ ಕೆಲಸದಿಂದ ಬಂದವರು ಹೊಸ್ತಿಲ ಆಚೆ ನಿಂತು ಮಾಳವ್ವನ ಮುಖಕ್ಕೆ ಊದಬೇಕು.

ಅದು ಶುರುವಾದದ್ದು ಹೊಳೆಯಪ್ಪನಿಂದಲೇ. ಆಸ್ಪತ್ರೆಗೆ ಸೇರಿ ಎರಡು ಸಲ ಬಿಟ್ಟು ಬಂದು, ಎರಡು ಸಲವೂ ಮತ್ತೆ ಹಿಡಿದಿದ್ದ. ಮೂರನೆಯ ಸಲ ಬಂದಾಗ ಮಾಳವ್ವ ಬಾಗಿಲಿಗೆ ಅಡ್ಡ ನಿಂತು “ಊದು” ಎಂದಳು. ಮರುದಿನವೂ ಎಂದಳು. ಆಸ್ಪತ್ರೆಯಲ್ಲಿ ಬಿಡುವುದು ದೊಡ್ಡದಲ್ಲ, ಬಿಟ್ಟ ಮೇಲೆ ಹಳೆಯ ಓಣಿಗೆ ಹೋಗಿ ಬಿಟ್ಟಂತೆಯೇ ಇರುವುದು ದೊಡ್ಡದು, ನಡುವೆ ಇಳಿದುಕೊಳ್ಳಲು ಒಂದು ಮನೆ ಬೇಕು ಎಂದು ಹೊಳೆಯಪ್ಪನಿಗೆ ಹೊಳೆದದ್ದು ಆ ಹೊಸ್ತಿಲಲ್ಲಿ. ಆಸ್ಪತ್ರೆಯ ಪರಿಚಯದ ಇಬ್ಬರನ್ನು ಕರೆತಂದ. ಅವರೂ ಊದಿದರು. ಅವರ ಹಿಂದೆ ಇನ್ನೊಬ್ಬರು ಬಂದರು.

ಮಾಳವ್ವನ ಮೂಗಿಗೆ ಮೋಸವಿಲ್ಲ. ಏಲಕ್ಕಿ ಅಗಿದವರನ್ನು, ಕೆಮ್ಮಿನ ಔಷಧದ ನೆಪ ಹೇಳುವವರನ್ನು, ಹಸಿ ಬೆಳ್ಳುಳ್ಳಿ ಕಡಿದು ಬಂದ ಜಾಣರನ್ನು ದಾಟಿ ಅದು ಒಳಗಿದ್ದುದನ್ನು ಹಿಡಿಯುತ್ತಿತ್ತು. ಮದುವೆ ಊಟ ಮುಗಿಸಿ ‘ಕೇಂದ್ರ ನೋಡೋಣ’ ಎಂದು ಬಂದ ಪಾಲಿಕೆಯ ದೊಡ್ಡ ಮನುಷ್ಯರೊಬ್ಬರನ್ನೂ ಅವಳು ಊದಿಸಿ, ಹೊರಗಿನಿಂದಲೇ ಕೈಮುಗಿದು ಕಳಿಸಿದ್ದಳು. ಸಾಲಿನಲ್ಲಿ ಮೊದಲು ನಿಲ್ಲುತ್ತಿದ್ದವನು ಮಾತ್ರ ಹೊಳೆಯಪ್ಪ. “ನೀವ್ಯಾಕ ಕಾಕಾ, ಯಜಮಾನ್ರು?” ಎಂದರೆ, “ಯಜಮಾನನ ಬಾಯಿ ಏನ ಬ್ಯಾರೆ ಇರತೈತೇನಲೇ?” ಎನ್ನುತ್ತಿದ್ದ.

ಒಂದೇ ಒಂದು ಸಂಜೆ ಅವನು ಊದಲಿಲ್ಲ. ಬಾಯಿಗೆ ಟವೆಲ್ ಅಡ್ಡ ಹಿಡಿದು ತಾನಾಗಿಯೇ ಅಂಗಳದ ಕಟ್ಟೆಗೆ ಹೋಗಿ ಕುಳಿತ. ಮಾಳವ್ವ ಅಲ್ಲಿಗೇ ತಾಟು ಕೊಟ್ಟಳು. ಮರುದಿನ ಮತ್ತೆ ಸಾಲಿನಲ್ಲಿ ಮೊದಲಿಗನಾಗಿ ನಿಂತಿದ್ದ. ವಿಷಯ ಅಲ್ಲಿಗೆ ಮುಗಿದಿತ್ತು. ಆದರೆ ಅಂಥ ಸಂಜೆ ಒಂದು ಇತ್ತಾದರೆ, ಅಂಥ ಮುಂಜಾನೆಯೂ ಒಂದು ಇರಬಹುದು.

ಮನೆ ಸಾಲದಾದಾಗ ದೊಡ್ಡ ಮನೆಯ ಬಾಡಿಗೆಗೆ ಪಾಲಿಕೆಯನ್ನೇ ಕೇಳೋಣ ಎಂದವನು ಹೊಳೆಯಪ್ಪ. “ರಸ್ತೆಕ್ಕ ಕೊಡತಾರ, ಗಟಾರಕ್ಕ ಕೊಡತಾರ. ಗಟಾರದಾಗ ಬೀಳವರಿಗೂ ಒಂದೀಟ ಕೊಡಲಿ.” ಟೈಪಿಂಗ್ ಅಂಗಡಿಗೆ ಹೋಗಿ ಅರ್ಜಿಯನ್ನು ಬಾಯಿಂದ ಹೇಳಿ ಬರೆಸಿದ. ‘ವ್ಯಸನ’ ಎಂಬ ಶಬ್ದಕ್ಕೆ ಅವನ ನಾಲಗೆ ಎಂದೂ ಒಗ್ಗಿರಲಿಲ್ಲ. ಅವನು ‘ವಾಸನ’ ಎಂದ. ಟೈಪು ಮಾಡುವ ಆರತಿ ಕಾಲೇಜಿನಲ್ಲಿ ಸಂಸ್ಕೃತ ಓದಿದವಳು, ಒಂದು ದೀರ್ಘ ಸೇರಿಸಿ ‘ವಾಸನಾಮುಕ್ತಿ ಕೇಂದ್ರಕ್ಕೆ ಅನುದಾನ ಕೋರಿ’ ಎಂದು ತಿದ್ದಿ ಬಡಿದಳು. ವಾಸನೆ ಎಂದ ಮೇಲೆ ಅದು ನೈರ್ಮಲ್ಯದ ವಿಷಯ. ಅರ್ಜಿ ನೆಟ್ಟಗೆ ಹೋಗಿ ಆರೋಗ್ಯ ಶಾಖೆಯ ವಿಜಯೀಂದ್ರ ಕಟ್ಟಿಯವರ ಮೇಜಿನ ಮೇಲೆ, ಸಾರ್ವಜನಿಕ ಶೌಚಾಲಯಗಳ ಕಡತದ ಪಕ್ಕದಲ್ಲಿ ಕುಳಿತಿತು.

ವಿಜಯೀಂದ್ರರು ಹಳೆಯ ಧಾರವಾಡದವರು, ಮನೆಯಲ್ಲಿ ತಂಬೂರಿ, ಮಾತಿನಲ್ಲಿ ಟೀಕೆ ಟಿಪ್ಪಣಿ. ದುರ್ವಾಸನೆ ಪರಿಶೀಲಿಸಲು ಬಂದವರು ಸಾಲಾಗಿ ನಿಂತು ಊದುತ್ತಿದ್ದ ಗಂಡಸರನ್ನು ಕಂಡು ಬಾಗಿಲಲ್ಲೇ ನಿಂತರು. ಎಲ್ಲ ಕೇಳಿ ತಿಳಿದ ಮೇಲೆ ನಕ್ಕರು.

“ತಿದ್ದಸಬಹುದು, ಹೊಳೆಯಪ್ಪನವರ. ಆದ್ರ ಮನಸ್ಸಿಗೆ ಅಂಟಿದ ವಾಸನಾ ಹೋಗೂತನಕಾ ಮುಕ್ತಿ ಇಲ್ಲ ಅಂತ ವೇದಾಂತದಾಗನ ಅದ. ನಿಮ್ಮ ಶಬ್ದನ ಸರಿ ಅದ. ಇರ್ಲಿ ಬಿಡ್ರಿ.”

ಪಾಲಿಕೆಯ ಸಭೆಯಲ್ಲಿ ಅವರೇ ವಿಷಯ ಬಿಡಿಸಿ ಹೇಳಿದರು. ಸದಸ್ಯರೂ ನಕ್ಕು, ತಿಳಿದೇ ಒಪ್ಪಿದರು. ಹೆಸರು ಹಾಗೆಯೇ ಉಳಿಯಿತು. ಅದರ ಬಲದಿಂದ ಬಾಡಿಗೆ, ಅಕ್ಕಿ, ಬೇಳೆ ಬರುತ್ತಿದ್ದವು.

*

ಜಳಕದ ನೀರು ಕಾಯುತ್ತಿರುವಾಗ ವಿಜಯೀಂದ್ರರು ಬಂದರು. ಹಾರ ಹಾಕಿ ಮಾಳವ್ವನ ಹತ್ತಿರ ಕುಕ್ಕರಗಾಲಲ್ಲಿ ಕುಳಿತರು.

“ಮಾಳವ್ವಾರ, ಇದು ಕೇಳೋ ಹೊತ್ತಲ್ಲ. ನಾಳೆ ಸಭಾದಾಗ ಮುಂದಿನ ವರ್ಷದ ಅನುದಾನ ಬರ್ತದ. ಮುಂಜಾನಿಂದ ಒಂದೆರಡು ಫೋನ್ ಬಂದಾವ. ನಡಸಾಂವನ ಅಲ್ಲಿ ಹೋಗಿ ಬಿದ್ದ ಮ್ಯಾಲೆ ಇನ್ನ ಕೊಡೂದ್ಯಾಕ ಅಂತ. ನಾ ಏನ್ ಹೇಳ್ಲಿ?”

“ಡಾಕ್ಟರು ಎದಿ ಅಂದಾರ್ರೀ.”

“ಎದಿ ಅಂತ ನಾನೂ ಹೇಳ್ತೀನಿ. ಎದಿ ಯಾಕ ಅಂತ ಅವರು ಕೇಳ್ತಾರ.”

ಮನೆಯ ಗಂಡಸರು ಗೋಡೆಗೆ ಆತು ನಿಂತಿದ್ದರು. ಈ ಮನೆ ಹೋದರೆ ಯಾರು ಕುಡಿಯದೆ ಎಷ್ಟು ದೂರ ಹೋದಾರು ಎಂಬುದನ್ನು ಮಾಳವ್ವ ಮುಖ ನೋಡಿಯೇ ಹೇಳಬಲ್ಲಳು. ಆ ಮೂಲೆಯ ಎತ್ತರದವನು ಒಂದು ವಾರ ತಡೆದಾನು. ವಿನೋದ ಹೆಚ್ಚೆಂದರೆ ಓಣಿಯ ತುದಿಯವರೆಗೆ.

“ಜಳಕ ಆಗ್ಲಿ ಸಾಹೇಬ್ರ,” ಎಂದಳು. ಜಳಕವಾದ ಮೇಲೆ ಏನು ಹೇಳುವಳೆಂದು ಅವಳಿಗೂ ಗೊತ್ತಿರಲಿಲ್ಲ.

ಅಂಗಳದಲ್ಲಿ ಮರದ ಹಲಗೆ ಹಾಕಿದರು. ಮೊದಲ ತಂಬಿಗೆ ಹೆಂಡತಿಯದು, ಎದುರಿಗೆ ನಿಂತೇ ಹಾಕಬೇಕು ಎಂದು ಓಣಿಯ ಹಿರಿಯಳು ಮುತ್ತವ್ವ ಅಪ್ಪಣೆ ಕೊಡಿಸಿದಳು. ಮಾಳವ್ವ ತಂಬಿಗೆ ಹಿಡಿದು ಉಸಿರು ಬಿಗಿದು ನಿಂತಳು. ವಿನೋದ ಕಾಲು ಹಿಡಿದ. ಫಕ್ಕೀರಪ್ಪ ತಮ್ಮನ ಬೆನ್ನಿಗೆ ಕುಳಿತು, ಎದೆ ಸುತ್ತ ಎರಡೂ ತೋಳು ಹಾಕಿ, ಒಮ್ಮೆಲೆ ಜಗ್ಗಿ ಎತ್ತಿ ಕೂರಿಸಿದ.

ಹೊಳೆಯಪ್ಪನ ಬಾಯಿಂದ ‘ಹಾ’ ಎಂದು ಉಸಿರು ಹೊರಟಿತು.

ವಿನೋದ ಕಾಲು ಬಿಟ್ಟು ಹಿಂದಕ್ಕೆ ಬಿದ್ದ. ಹೆಂಗಸರು ಚೀರಿದರು. “ಏ, ಅಂಜಬ್ಯಾಡ್ರಿ,” ಎಂದಳು ಮುತ್ತವ್ವ, ಎಲೆಯಡಿಕೆ ಅಗಿಯುವುದನ್ನೂ ನಿಲ್ಲಿಸದೆ. “ಒಳಗ ಉಳದ ಗಾಳಿ ಅದು. ಹೆಣಾ ಎತ್ತಿದಾಗ ಬರತೈತಿ. ಇಂಥಾವ ಎಷ್ಟ ನೋಡೇನಿ.”

ಮಾಳವ್ವ ಯಾವುದನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಅವಳು ಬೇಡವೆಂದರೂ ಮೂಗು ತನ್ನ ಕೆಲಸ ಮಾಡಿತ್ತು. ಬೆಳಿಗ್ಗೆ ತಾನೇ ಹಾಕಿಕೊಟ್ಟ ಮಂಡಕ್ಕಿ ಸುಸಲದ ಒಗ್ಗರಣೆ, ಹಸಿ ಉಳ್ಳಾಗಡ್ಡಿ. ಅದರ ಹಿಂದೆ ಸಾವಿನ ತೆಳ್ಳನೆಯ ಹುಳಿ. ಅದರ ಹಿಂದೆಯೂ ಹುಡುಕಿದಳು.

“ಭಾವಾರ, ಇನ್ನೊಮ್ಮೆ ಎತ್ತರಿ.”

“ಯಾಕ?”

“ಎತ್ತರಿ ಅಂದೆ.”

ಫಕ್ಕೀರಪ್ಪ ಹೆದರಿಕೊಂಡೇ ಎತ್ತಿದ. ಈ ಸಲ ಬಂದದ್ದು ಸಣ್ಣ ಉಸಿರು. ಮಾಳವ್ವ ಕಣ್ಣು ಮುಚ್ಚಿ, ಮುಖವನ್ನು ಗಂಡನ ಮುಖಕ್ಕೆ ತಾಗುವಷ್ಟು ತಂದು, ಅದನ್ನು ಪೂರ್ತಿ ಒಳಗೆ ಎಳೆದುಕೊಂಡಳು. ಏನೂ ಇರಲಿಲ್ಲ. ಬೆಳಿಗ್ಗೆಯಿಂದ ಬಿಗಿದಿದ್ದ ಹೆಗಲು ಎರಡೂ ಒಮ್ಮೆಗೇ ಇಳಿದವು.

“ಸಾಹೇಬ್ರ,” ಎಂದಳು ತಿರುಗಿ ನೋಡದೆ. “ಬರಕೊಳ್ರಿ. ವಾಸನಿ ಇಲ್ಲ.”

ವಿಜಯೀಂದ್ರರು ಕನ್ನಡಕ ತೆಗೆದು ಒರೆಸಿಕೊಂಡರು. “ನಿಮ್ಮ ಮೂಗು ಹೇಳಿದ ಮ್ಯಾಲೆ ಸಭಾದಾಗ ಯಾರೂ ಮುಂದ ಮಾತಾಡೂದಿಲ್ಲ. ಅದರ ಪರಿಚಯ ಆದವರೂ ಅಲ್ಲಿ ಒಬ್ಬರಿದ್ದಾರ.”

ಕಟ್ಟೆಯ ಮೇಲಿನವರು ಎದ್ದು ನಿಂತು, ತಾವು ಮೊದಲಿಂದಲೂ ಹಾಗೆಯೇ ಅಂದುಕೊಂಡಿದ್ದಾಗಿ ಒಬ್ಬರಿಗೊಬ್ಬರು ಹೇಳಿಕೊಂಡರು. ನೀರು ಬಿತ್ತು. ಹೊಸ ಧೋತರ ಉಡಿಸಿದರು. ಫಕ್ಕೀರಪ್ಪನ ಕೈ ಚೀಲದ ಕಡೆ ಹೋಯಿತು.

“ಅದನ್ನ ಬಿಚ್ಚಬ್ಯಾಡ್ರಿ, ಭಾವಾರ. ಬಂದ ಬಸ್ಸಿನ್ಯಾಗ ಹೊಳ್ಳಿ ಒಯ್ರಿ. ಅದು ಈ ಮನಿಗೆ ಬಂದದ್ದ ನಾ ನೋಡಿಲ್ಲ.”

“ಮತ್ತ ಪದ್ಧತಿ?”

“ಪ್ರೀತಿದ್ದ ಬಿಡೂದು ಹೌದಲ್ಲ? ಕುಡಿಯೂದು ಬಿಟ್ಟ ಮ್ಯಾಲೆ ಇವರಿಗೆ ಚಾನ ಪ್ರೀತಿ. ಗುಲ್ಜಾರಬಿ, ನಿನ್ನ ಮನ್ಯಾಗ ಚಾ ಉಳದೈತೇನ?”

ಚಹಾ ಬಂತು. ಫಕ್ಕೀರಪ್ಪ ಬೆರಳದ್ದಿ ತಮ್ಮನ ತುಟಿಗೆ ಎರಡು ಹನಿ ಬಿಟ್ಟ. “ನಮ್ಮ ಮನೆತನದಾಗ ಚಾ ಕುಡದು ಹ್ವಾದಾಂವ ಇವನ ಮೊದಲನೇದಾಂವ,” ಎಂದು ಗೊಣಗಿದ.

ಮನೆಯ ಗಂಡಸರೇ ಹೆಗಲು ಕೊಟ್ಟರು, ಮುಂದಿನ ಎಡಗಡೆಗೆ ವಿನೋದ. ಹೆಂಗಸರು ಓಣಿಯ ತಿರುವಿನವರೆಗೆ ಹೋಗಿ ಮರಳಿದರು. ಹೆಣದ ಮುಂದಿನ ಹಲಗೆ ಬಡಿತ ದೂರವಾಗುತ್ತಿದ್ದಂತೆ ಮಾಳವ್ವನಿಗೆ ಹಸಿವಾಯಿತು, ಹೆರಿಗೆಯಾದವರಿಗೆ ಆಗುವಂಥ ಹಸಿವು.

“ಮಣ್ಣ ಆಗೂತನಾ ಉಣಬಾರದವಾ,” ಎಂದಳು ಮುತ್ತವ್ವ.

“ಗೊತ್ತೈತಿ,” ಎಂದು ಮಾಳವ್ವ ಗುಲ್ಜಾರಬಿ ಮುಚ್ಚಿ ತಂದಿದ್ದ ಬುಟ್ಟಿಯಿಂದ ರೊಟ್ಟಿ ತೆಗೆದಳು. ಹೊಸ್ತಿಲಲ್ಲೇ ಕುಳಿತು, ಬದನೆಕಾಯಿ ಪಲ್ಯದಲ್ಲಿ ಅದ್ದಿ, ಬೆರಳು ಚೀಪುತ್ತ ಉಂಡಳು. ಮುತ್ತವ್ವ ಅತ್ತ ಮುಖ ತಿರುಗಿಸಿ ಕುಳಿತಳು. ಸ್ವಲ್ಪ ಹೊತ್ತಿಗೆ, ಇಷ್ಟಾದ ಮೇಲೆ ಇನ್ನೇನೆಂದು ನೀರಿನ ತಂಬಿಗೆಯನ್ನು ಇತ್ತ ಸರಿಸಿದಳು.

ಮಣ್ಣು ಮುಗಿಸಿ, ಮಿಂದು, ಒದ್ದೆ ತಲೆಯಲ್ಲಿ ಗಂಡಸರು ಮರಳಿದಾಗ ಮಾಳವ್ವ ಚೌಕಟ್ಟಿಗೆ ತಲೆಯೊರಗಿಸಿ ನಿದ್ದೆ ಹೋಗಿದ್ದಳು. ಅರ್ಧ ರೊಟ್ಟಿ ಮಡಿಲಲ್ಲಿತ್ತು, ಪಲ್ಯದ ಎಣ್ಣೆ ಬೆರಳಲ್ಲೇ ಒಣಗಿತ್ತು. ಕಾಲುಗಳು ಬಾಗಿಲ ಉದ್ದಕ್ಕೂ ಚಾಚಿದ್ದವು, ಸಣ್ಣಗೆ ಗೊರಕೆಯೂ ಇತ್ತು. ದಾಟಿ ಒಳಗೆ ಹೋಗಲು ಯಾರಿಗೂ ಮನಸ್ಸಾಗಲಿಲ್ಲ. ಒಬ್ಬೊಬ್ಬರಾಗಿ ಸದ್ದಾಗದಂತೆ ಚಪ್ಪಲಿ ಕಳಚಿದರು. ವಿಜಯೀಂದ್ರರೂ ಕಳಚಿ, ಅವರ ನಡುವೆ ಅಂಗಳದ ನೆಲದ ಮೇಲೆ ಕುಳಿತು, ಅವಳು ಎದ್ದು “ಊದು” ಎನ್ನುವುದನ್ನೇ ಕಾಯತೊಡಗಿದರು.