ಕಪಾಟಿನ ಮೇಲಿನ ಚೆಂಡು

ಚರ್ಚಿನ ಕಿಟಕಿಯ ಗಾಜು ಮತ್ತೊಮ್ಮೆ ಪುಡಿಯಾದ ದಿನ ಬೀದಿಯ ಹುಡುಗರೆಲ್ಲ ಕಾಲಿಗೆ ಬುದ್ಧಿ ಹೇಳಿದ್ದರು. ಹಳೇ ಫಾದರ್ ಬೈಯಲಿಲ್ಲ. ಚೆಂಡನ್ನು ಕಂಕುಳಲ್ಲಿ ಇರುಕಿಕೊಂಡು ಮನೆಮನೆಗೆ ಹೋಗಿ ಒಬ್ಬೊಬ್ಬರನ್ನೇ ಹಿಡಿದು ತಂದರು. ಮುರುಕು ಬೆಂಚುಗಳು ತುಂಬಿದ್ದ ಉಗ್ರಾಣದ ಬಾಗಿಲು ತೆರೆದು, ಇನ್ನು ಒಡೆಯುವುದೇನಿದ್ದರೂ ಇಲ್ಲೇ ಒಡೆಯಿರಿ ಅಂದರು. ಬಡಾವಣೆಯ ಯುವಕ ಸಂಘ ಹುಟ್ಟಿದ್ದು ಹೀಗೆ. ಈಗ ಸುವರ್ಣ ಮಹೋತ್ಸವದ ಭಾಷಣಗಳಲ್ಲಿ ಅದಕ್ಕೆ ದೂರದೃಷ್ಟಿ ಎಂದು ಹೆಸರು. ದೂರದೃಷ್ಟಿ ಇದ್ದಿದ್ದರೆ ಪಾಪ, ಫಾದರ್ ಮೊದಲು ಕಿಟಕಿಗೆ ಜಾಲರಿ ಹಾಕಿಸುತ್ತಿದ್ದರು.

ಮೊದಲ ಸಭೆ ಸಂತೆಯಾಯಿತು. ಕೂಗುವವರೇ ಎಲ್ಲ, ಕೇಳುವವರಿಲ್ಲ. ಫಾದರ್ ಕಪಾಟಿನ ಮೇಲೆ ಇಟ್ಟಿದ್ದ ಅದೇ ಚೆಂಡನ್ನು ಕೆಳಗಿಳಿಸಿ ಮುಂದಿಟ್ಟು ಒಂದು ಕಟ್ಟಳೆ ಮಾಡಿದರು. ಚೆಂಡು ಯಾರ ಕೈಯಲ್ಲಿದೆಯೋ ಮಾತು ಅವರದು, ಉಳಿದವರ ಬಾಯಿಗೆ ಬೀಗ. ಚೆಂಡು ಎಲ್ಲರ ಕೈ ಸುತ್ತಿ ಕಪಾಟಿನ ಮೇಲೆ ವಾಪಸು ಕೂರುವ ತನಕ ಯಾವ ತೀರ್ಮಾನವೂ ತೀರ್ಮಾನವಲ್ಲ. ಈ ಕಟ್ಟಳೆ ಫಾದರಿಗೂ ಅನ್ವಯಿಸುತ್ತಿತ್ತು.

ಟೈಲರಕ್ಕ ಆಗ ಟೈಲರೂ ಅಲ್ಲ, ಯಾರ ಅಕ್ಕನೂ ಅಲ್ಲ. ಎರಡು ಜಡೆಯ ಹುಡುಗಿ. ಹುಡುಗಿಯರಿಗೆ ಒಳಗೆ ಪ್ರವೇಶವಿರಲಿಲ್ಲ, ಹೊಸ್ತಿಲಾಚೆ ನಿಂತು ನೋಡಬಹುದಿತ್ತು ಅಷ್ಟೇ. ಒಂದು ಸಂಜೆ ತಂಡದ ನಾಯಕನಾಗಿದ್ದ ಅವಳ ಅಣ್ಣ ಸಭೆಯ ನಡುವೆ ಎದ್ದು ಬಂದ. ಚೆಂಡನ್ನು ಹೊಸ್ತಿಲಾಚೆ ಚಾಚಿ ಅವಳ ಕೈಗಿಟ್ಟ.

"ಚೆಂಡು ಈಗ ಇವಳ ಕೈಲಿದೆ. ಕೇಳ್ರೋ."

ಅವಳು ನಾವೂ ಆಡ್ತೀವಿ ಅಂತಷ್ಟೇ ಹೇಳಿದಳು. ಅಷ್ಟೇ ಸಾಕಾಯಿತು. ಮುಂದೆ ಸಂಘದ ಹಾಲ್ ಆದ ಆ ಉಗ್ರಾಣದಲ್ಲಿ ಹುಡುಗಿಯರ ತಂಡ ಬೆಳೆಯಿತು, ಅವರ ಮಕ್ಕಳ ತಂಡವೂ ಬೆಳೆಯಿತು. ಇವತ್ತಿಗೂ ಸಂಜೆ ಶಾಲೆ ಮುಗಿಸಿ ಬರುವ ಹುಡುಗಿಯರಿಗೆ ಅಲ್ಲಿ ಆಟ ಕಲಿಸುವವಳು ಟೈಲರಕ್ಕನೇ. ಅಣ್ಣನ ಮೇಲೆ ಅವಳಿಗೆ ಎಷ್ಟು ಕೋಪ ಬಂದರೂ ಆ ಸಂಜೆ ನೆನಪಾದರೆ ಸಾಕು, ಇಳಿದುಹೋಗುತ್ತಿತ್ತು.

ಅಣ್ಣ ಈಗ ಸಂಘದ ಅಧ್ಯಕ್ಷ. ಹೋದ ತಿಂಗಳು ಅಪರೂಪಕ್ಕೆ ಅವಳ ಅಂಗಡಿಗೆ ಬಂದು, ಹೊಲಿಗೆಯನ್ನು ಬಾಯಿತುಂಬ ಹೊಗಳಿ, ಮಹೋತ್ಸವಕ್ಕೆ ಎಲ್ಲರಿಗೂ ನೀಲಿ ಅಂಗಿ ಬೇಕು ಅಂದ. ಭಾನುವಾರದ ಸಭೆಗೆ ಬರಬೇಡ, ಊಟದ ವಿಚಾರ ಬಿಟ್ಟು ಬೇರೇನಿಲ್ಲ, ಅಷ್ಟು ಹೊತ್ತು ಹೊಲಿದರೆ ಕೆಲಸವಾದರೂ ಮುಗಿಯುತ್ತೆ ಅಂತ ಹೇಳಿ ಹೋದ. ಅವಳು ಹೊಲಿದಳು. ಭಾನುವಾರ ಚರ್ಚಿನ ಪೂಜೆ ಮುಗಿಸಿ ನೇರ ಹೊಲಿಗೆ ಮಿಷನ್ನಿಗೇ ಕೂತಳು. ಕಣ್ಣು ಉರಿದರೂ ಬಿಡಲಿಲ್ಲ. ಅಣ್ಣ ಕೈ ಬೀಸಿ ಮಾತಾಡುವವನಲ್ಲವೇ, ಅವನ ಅಂಗಿಯ ಕಂಕುಳಿಗೆ ಎರಡು ಸಾಲು ಹೊಲಿಗೆ ಹಾಕಿದಳು.

ಮಹೋತ್ಸವದ ದಿನ ಸಂಘದ ಹಾಲ್ ತುಂಬ ನೀಲಿ ಅಂಗಿಗಳು. ಹೊಸ ಫಾದರ್ ಮೈಕ್ ಹಿಡಿದು ಎಲ್ಲರನ್ನೂ ನೆನೆದರು. ಕೊನೆಗೆ, ವಾಹನ ನಿಲ್ಲಿಸಲು ಜಾಗವಿಲ್ಲದೆ ಪರದಾಡುತ್ತಿರುವ ಭಕ್ತರಿಗಾಗಿ ಈ ಹಳೆಯ ಕಟ್ಟಡವನ್ನು ಬಿಟ್ಟುಕೊಡಲು ಸಂಘದ ಸದಸ್ಯರು ಒಮ್ಮತದಿಂದ ಒಪ್ಪಿದ್ದಾರೆ, ಅವರ ದೊಡ್ಡ ಮನಸ್ಸಿಗೆ ವಂದನೆ ಅಂದರು. ಮುಂದಿನ ವಾರವೇ ಕಟ್ಟಡ ಕೆಡವುತ್ತಾರಂತೆ.

ಟೈಲರಕ್ಕ ಅಣ್ಣನ ಕಡೆ ನೋಡಿದಳು. ಅವನು ತನ್ನ ಚಪ್ಪಲಿಯನ್ನು ಹೊಸದಾಗಿ ಕಂಡವನ ಹಾಗೆ ನೋಡುತ್ತ ಕೂತಿದ್ದ.

ಅವಳು ಎದ್ದು ಕಪಾಟಿನ ಹತ್ತಿರ ಹೋದಳು. ಚೆಂಡಿನ ಮೇಲೆ ಬೆರಳಷ್ಟು ಧೂಳು. ಕೆಳಗಿಳಿಸಿ ಎದೆಗವಚಿಕೊಂಡಾಗ ಹಳಬರೆಲ್ಲ ಅಭ್ಯಾಸಬಲದಿಂದ ತೆಪ್ಪಗಾದರು.

"ಆ ಭಾನುವಾರ ಚೆಂಡು ಯಾರ್ಯಾರ ಕೈ ಸುತ್ತಿತು?" ಅಂತ ಕೇಳಿ, ಹಿಂದಿನ ಸಾಲಿನಲ್ಲಿದ್ದ ಬಡಗಿಗೆ ಅದನ್ನು ಕೊಟ್ಟಳು.

ಬಡಗಿ ಅವಳ ಮೊದಲ ತಂಡಕ್ಕೆ ಗೋಲುಕಂಬ ಮಾಡಿಕೊಟ್ಟವನು. ತಲೆ ತಗ್ಗಿಸಿ ಹೇಳಿದ: "ಕೆಳಗಿಳಿಸ್ಲೇ ಇಲ್ಲ ಅಕ್ಕ. ನಿಮ್ಮನ್ನ ಕೇಳಿ ಆಗಿದೆ, ನೀವೂ ಒಪ್ಪಿದ್ದೀರ ಅಂದ್ರು ಅಧ್ಯಕ್ಷರು. ನೀವೇ ಒಪ್ಪಿದ ಮೇಲೆ ಇನ್ನೇನು ಅಂತ ನಾವು ಕೈ ಎತ್ತಿದ್ವಿ."

ಚೆಂಡು ಅವಳ ಕೈಗೆ ವಾಪಸು ಬಂತು. ಅವಮಾನಕ್ಕಿಂತ ಹೆಚ್ಚಾಗಿ, ಈ ಕೆಲಸಕ್ಕೆ ತನ್ನ ಹೆಸರೇ ಬೇಕಾಯಿತೇ ಎಂಬ ಸಂಕಟ ಅವಳನ್ನು ಕಾಡಿತು.

"ನಾನು ಒಪ್ಪಿಲ್ಲ," ಅಂದಳು. "ನನ್ನನ್ನ ಯಾರೂ ಕೇಳೇ ಇಲ್ಲ. ಈ ಹಾಲ್..."

ಅಷ್ಟರಲ್ಲಿ ಮೈಕ್ ಗೊರಗೊರ ಅಂದಿತು. ಅಣ್ಣ ಅದನ್ನು ಕೈಗೆತ್ತಿಕೊಂಡಿದ್ದ. ಚೆಂಡು ಇನ್ನೂ ಅವಳ ಕೈಯಲ್ಲೇ ಇತ್ತು.

"ನಮ್ಮ ತಂಗಿಗೆ ಸಂಘ ಅಂದ್ರೆ ಪ್ರಾಣ," ಅಂತ ಅಣ್ಣ ನಕ್ಕ. ಅವನ ದನಿ ಹಾಲ್‌ನ ನಾಲ್ಕೂ ಮೂಲೆಯಿಂದ ಬಂತು. "ಹಳೇದೆಲ್ಲ ನೆನಪಾಗಿ ಅವಳಿಗೆ ದುಃಖ ಆಗಿದೆ, ಪಾಪ. ಬನ್ನಿ, ಎಲ್ರೂ ಫೋಟೋಗೆ ನಿಲ್ಲಿ. ನೀನೂ ಬಾರಮ್ಮ. ಚೆಂಡು ಹಿಡ್ಕೊಂಡೇ ಬಾ, ಫೋಟೋದಲ್ಲಿ ಚೆನ್ನಾಗಿ ಕಾಣತ್ತೆ."

ಜನ ಚಪ್ಪಾಳೆ ತಟ್ಟಿ ಒಬ್ಬೊಬ್ಬರಾಗಿ ಎದ್ದರು, ಬಡಗಿಯೂ ಎದ್ದ. ಅವಳು ಚೆಂಡನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೇ ಕೂತಳು. ನಡುವೆ ಅವಳಿಗೆಂದು ಬಿಟ್ಟಿದ್ದ ಜಾಗದ ಪಕ್ಕ ಅಣ್ಣ ನಿಂತಿದ್ದ. ಕೈಯನ್ನು ತಲೆಯ ಮೇಲೆತ್ತಿ ಬೀಸಿ ಬೀಸಿ ಅವಳನ್ನು ಕರೆಯುತ್ತಲೇ ಇದ್ದ. ಕಂಕುಳಿನ ಹೊಲಿಗೆ ಒಂದೆಳೆಯೂ ಬಿಚ್ಚಲಿಲ್ಲ.