ಬೆನ್ನು ತಿರುಗಿಸಿ ನಿಂತ ದೆವ್ವ

"ದೆವ್ವ ಫೋಟೋಗೆ ನಿಲ್ಲುತ್ತಾ? ಹಲ್ಲು ಕಿರಿದುಕೊಂಡು, ಯಾರದೋ ಹೆಗಲ ಮೇಲೆ ಕೈ ಹಾಕಿಕೊಂಡು? ನಿನಗೇನು ತಲೆ ಕೆಟ್ಟಿದೆಯಾ, ಅಕ್ಕ?"

"ತಲೆ ಕೆಟ್ಟಿರೋದು ನಿನಗೆ! ಹೋಟೆಲ್ ಮ್ಯಾನೇಜರು ಬಾಯಿಬಿಟ್ಟು ಕೇಳಿದ್ದಾರೆ, ನಾನು ಹೂಂ ಅಂದಾಗಿದೆ. ಕಥೆ ಮುಗಿದ ಮೇಲೆ ಗೋಡೆಯಿಂದ ಇಳಿದು ಬರಬೇಕು, ಅಷ್ಟೇ."

ಹೇಳುತ್ತಾ ಅಕ್ಕ ಕೈಯಲ್ಲಿದ್ದ ಸೂಜಿಯನ್ನು ತಮ್ಮನ ಮೂಗಿನ ಮುಂದೆ ಆಡಿಸಿದಳು. ಮಡಿಲಲ್ಲಿ ದೆವ್ವದ ಕರಿ ಕೋಟು ಬಿದ್ದಿತ್ತು. ತೋಳಿನ ಹೊಲಿಗೆ ಬಿಟ್ಟುಹೋಗಿತ್ತು. ದೆವ್ವದ ಲಾಟೀನು ಅಡುಗೆಮನೆಯ ಬಾಗಿಲಿನ ಮೊಳೆಯಲ್ಲಿ, ಜರಡಿಯ ಪಕ್ಕ ನೇತಾಡುತ್ತಿತ್ತು. ಅದರ ಗಾಜನ್ನು ತಮ್ಮ ಬೆಳಿಗ್ಗೆಯೇ ಬೂದಿ ಹಾಕಿ ತಿಕ್ಕಿಟ್ಟಿದ್ದ.

ಅವಳದು ಕಥೆ ಹೇಳುವ ಕಸುಬು. ಸಂಜೆಯಾದರೆ ಹೋಟೆಲಿನ ಅತಿಥಿಗಳನ್ನು ಹಳೇ ಬಂದರಿನ ಓಣಿಗಳಲ್ಲಿ ನಡೆಸಿಕೊಂಡು ಹೋಗಿ ಕಡಲುಗಳ್ಳರ ಕಥೆ ಹೇಳುತ್ತಿದ್ದಳು. ಕೊನೆಗೆ ಎಲ್ಲರನ್ನೂ ಸಮುದ್ರದಂಚಿನ ಮುರುಕು ಗೋಡೆಯ ಮುಂದೆ ತಂದು ನಿಲ್ಲಿಸುವಳು. ಆ ಗೋಡೆಯ ಮೇಲೆ ದೆವ್ವವಾಗಿ ನಿಲ್ಲುತ್ತಿದ್ದವನು ಈ ತಮ್ಮ. ಊರವರು ಅವನನ್ನು ಉದ್ದಣ್ಣ ಅನ್ನುತ್ತಿದ್ದರು. ಬಾಗಿಲು ದಾಟುವಾಗೆಲ್ಲ ತಲೆ ತಗ್ಗಿಸಬೇಕಾದ ಆಸಾಮಿ. ಹಗಲು ಬಂದರಿನಲ್ಲಿ ಐಸ್ ಒಡೆಯುವ ಕೆಲಸ. ಕೊಲ್ಲಿಯ ಆಚೆ ದಡದ ದೊಡ್ಡ ಬಂದರಿನವರು ಎಷ್ಟೋ ಸಲ ಕೆಲಸಕ್ಕೆ ಕರೆದಿದ್ದರು. "ನಾನು ಹೋದರೆ ಇಲ್ಲಿ ದೆವ್ವ ಯಾರಾಗ್ತಾರೆ?" ಎಂದು ಅವನೇ ಹೋಗಿರಲಿಲ್ಲ.

ಕಥೆ ಅವರ ಅಜ್ಜಿಯದು. ಒಬ್ಬ ಕಡಲುಗಳ್ಳರ ಕಪ್ತಾನ, ಜ್ವರದಲ್ಲಿ ಬಿದ್ದ ತಾಯಿಯನ್ನು ನೋಡಲು ಒಬ್ಬನೇ ದಡಕ್ಕೆ ಬಂದ. ಅಷ್ಟರಲ್ಲಿ ಅವನ ಜನರೇ ಹಡಗು ಬಿಚ್ಚಿಕೊಂಡು ಹೊರಟುಹೋದರು. ಕಳ್ಳರಿಗೂ ಕಳ್ಳರಿರುತ್ತಾರೆ. ಅವನು ಲಾಟೀನು ಹಿಡಿದು ಗೋಡೆ ಹತ್ತಿ ನಿಂತ. ಕೋಲು ಕತ್ತಿ ಹಿಡಿದು ಬಂದ ಊರವರು ಅವನ ಬೆನ್ನು ನೋಡಿ ಹಾಗೇ ನಿಂತುಬಿಟ್ಟರು. ಕಾಯುತ್ತಾ ನಿಂತವನಿಗೆ ಹೊಡೆಯುವುದು ಹೇಗೆ?

ಅಜ್ಜಿಯ ಕಥೆಯಲ್ಲಿ ಕಪ್ತಾನ ಕಾದು ಕಾದು, ಕೊನೆಗೊಂದು ಸಂಜೆ ಸಮುದ್ರದ ನೀರು ಇಳಿತದಲ್ಲಿದ್ದಾಗ ಗೋಡೆಯ ಆಚೆ ಬದಿಗೆ ಇಳಿದು, ಮರಳ ದಿಣ್ಣೆಯ ಮೇಲೆ ನಡೆದುಕೊಂಡು ಹೊರಟೇಹೋಗುತ್ತಿದ್ದ. ಅಕ್ಕ ಅದನ್ನು ಕತ್ತರಿಸಿ ಬಿಸಾಡಿದ್ದಳು. "ಹೊರಟುಹೋದ ದೆವ್ವವನ್ನು ನಾಳೆ ಟಿಕೆಟ್ ತಗೊಂಡು ನೋಡೋಕೆ ಯಾರು ಬರ್ತಾರೆ?" ಎನ್ನುವಳು. ಅವಳ ಕಥೆಯಲ್ಲಿ ಕಪ್ತಾನ ಇವತ್ತಿಗೂ ಕಾಯುತ್ತಲೇ ಇದ್ದ.

"ಮುಖ ತೋರಿಸಿದ ಮೇಲೆ ಹೆದರಿಕೆ ಎಲ್ಲಿ ಉಳೀತು?" ತಮ್ಮ ಇನ್ನೂ ಬಿಟ್ಟಿರಲಿಲ್ಲ. "ಮುಖ ಕಂಡರೆ ಉದ್ದಣ್ಣ, ಕಾಣದಿದ್ದರೆ ಕಪ್ತಾನ. ಇಷ್ಟು ವರ್ಷ ಇದನ್ನೇ ತಾನೇ ಕಾಪಾಡಿಕೊಂಡು ಬಂದಿದ್ದು?"

ಅದು ಅವಳಿಗೆ ಗೊತ್ತಿಲ್ಲದ್ದೇನೂ ಅಲ್ಲ. ಮೊದಲ ಸಂಜೆ 'ಕಿರುಚು, ಮೇಲೆ ಬೀಳು' ಎಂದು ಹೇಳಿಕೊಟ್ಟು ಕಳಿಸಿದ್ದಳು. ಇವನು ಜನಕ್ಕೆ ಬೆನ್ನು ಹಾಕಿ ಸುಮ್ಮನೆ ನಿಂತಿದ್ದ. ಲಾಟೀನನ್ನು ಎದೆಯ ಮುಂದೆ ಹಿಡಿದಿದ್ದ. ಬೆಳಕೆಲ್ಲ ಸಮುದ್ರಕ್ಕೆ, ಕತ್ತಲೆ ಇತ್ತ ಕಡೆಗೆ. ಉಸಿರಾಡಿದರೂ ಹೆಗಲು ಅಲುಗಾಡದು. ದಾರಿಯುದ್ದಕ್ಕೂ ಗೇಲಿ ಮಾಡುತ್ತಾ ಬಂದಿದ್ದ ಕಟ್ಟುಮಸ್ತಾದ ಒಬ್ಬ ಆಸಾಮಿ ಮೆಲ್ಲಗೆ ಹೆಂಡತಿಯ ಸೆರಗು ಹಿಡಿದುಕೊಂಡಿದ್ದ. ಇವನ ಮೂಗು ಒರೆಸಿ ಬೆಳೆಸಿದ ಅಕ್ಕನಿಗೇ ಮೈ ಜುಮ್ಮೆಂದಿತ್ತು. ಇಂಥದ್ದು ಕಲಿಸಿದರೆ ಬರುವುದಿಲ್ಲ.

ಆದರೆ ಕೋಪ ಬಂದಾಗ ಅವಳ ನಾಲಿಗೆಗೆ ಮೂಳೆಯೇ ಇಲ್ಲ. "ಸುಮ್ಮನೆ ನಿಂತ್ಕೊಳ್ಳೋದೂ ಒಂದು ವಿದ್ಯೆಯಾ? ಒಂದು ಕಂಬ ನೆಟ್ಟು ಕೋಟು ಹಾಕಿದರೂ ಸಾಕು, ಅನ್ನ ಆದರೂ ಉಳಿಯುತ್ತೆ!"

ತಮ್ಮ ಕೈ ಚಾಚಿ ಕೋಟು ಕೇಳಿದ.

"ಹೊಲಿಗೆ ಮುಗಿದಿಲ್ಲ."

"ಪರವಾಗಿಲ್ಲ, ಅಕ್ಕ. ಗೋಡೆಯಿಂದ ಇಳೀಬೇಕು ತಾನೇ? ಇಳೀತೀನಿ ಬಿಡು."

ಮೊಳೆಯಿಂದ ಲಾಟೀನು ತೆಗೆದುಕೊಂಡು ತಲೆ ತಗ್ಗಿಸಿ ಹೊರಗೆ ನಡೆದ. ದಾರಿಗೆ ಬಂದನಲ್ಲ ಎಂದುಕೊಂಡು ಅವಳು ಸೂಜಿಯನ್ನು ಡಬ್ಬಿಗೆ ಚುಚ್ಚಿಟ್ಟಳು.

ಸಂಜೆ ಜನ ಜಾಸ್ತಿ ಇದ್ದರು. ಮ್ಯಾನೇಜರು ಹೊಸ ಶರ್ಟು ಹಾಕಿಕೊಂಡು, ಕೈಯಲ್ಲಿ ಫೋನು ಹಿಡಿದು ತಾನೇ ಬಂದಿದ್ದ. ಓಣಿಗಳಲ್ಲಿ ಅಕ್ಕ ಎಂದಿನಂತೆ ನಗಿಸಿದಳು, ಹೆದರಿಸಿದಳು. ಗೋಡೆಯ ತಿರುವಿನಲ್ಲಿ ಎಲ್ಲರೂ ಒಮ್ಮೆಗೇ ನಿಂತರು. ಬೂದು ಆಕಾಶದ ಎದುರು ಆ ಬೆನ್ನು. ಬಿಟ್ಟ ಹೊಲಿಗೆಯ ತೋಳು ಮಾತ್ರ ಗಾಳಿಗೆ ಆಡುತ್ತಿತ್ತು. ಎಷ್ಟು ಚೆನ್ನಾಗಿ ನಿಂತಿದ್ದಾನೆ ನನ್ನ ತಮ್ಮ, ಎಂದುಕೊಂಡಳು. ಹಿಂದೆಂದೂ ಇಷ್ಟು ಚೆನ್ನಾಗಿ ನಿಂತಿರಲಿಲ್ಲ. ಕಂಬವಂತೆ ಕಂಬ!

"ಇವತ್ತಿಗೂ ಕಾಯುತ್ತಲೇ ಇದ್ದಾನೆ," ಎಂದು ಕಥೆ ಮುಗಿಸಿದಳು. ಮ್ಯಾನೇಜರು ಮೊಣಕೈಯಿಂದ ತಿವಿದ. ಅವಳು ಗಂಟಲು ಸರಿ ಮಾಡಿಕೊಂಡು ಕೂಗಿದಳು: "ಕಪ್ತಾನ! ಇಳಿದು ಬಾ!"

ಬೆನ್ನು ಅಲುಗಿತು. ಬಗ್ಗಿ ಗೋಡೆಯ ಮೇಲಿಂದ ಏನನ್ನೋ ಎತ್ತಿಕೊಂಡ. ಇಳಿದ, ಸಮುದ್ರದ ಬದಿಗೆ.

"ಅಲ್ಲಾ, ಆ ಕಡೆ ಯಾಕೆ ಇಳಿದ?" ಎಂದ ಮ್ಯಾನೇಜರು.

ಎಲ್ಲರೂ ಗೋಡೆಯ ಬಿರುಕಿನ ಹತ್ತಿರ ನುಗ್ಗಿದರು. ಇಳಿತದಲ್ಲಿ ಎದ್ದಿದ್ದ ಮರಳ ದಿಣ್ಣೆ ಆಚೆ ದಡದವರೆಗೂ ಒದ್ದೆಯಾಗಿ ಹೊಳೆಯುತ್ತಿತ್ತು. ಅದರ ಮೇಲೆ ಕರಿ ಕೋಟು ಅವಸರವಿಲ್ಲದೆ ನಡೆಯುತ್ತಿತ್ತು. ಒಂದು ಕೈಯಲ್ಲಿ ಲಾಟೀನು. ಇನ್ನೊಂದು ಕೈಯಲ್ಲಿ ಬಟ್ಟೆಯ ಚೀಲ. ಅದರ ಬಾಯಿಂದ ಐಸ್ ಎಳೆಯುವ ಕೊಕ್ಕೆಯ ತುದಿ ಹೊರಗೆ ಚಾಚಿತ್ತು. ಅಕ್ಕನಿಗೆ ಎಲ್ಲ ಗೊತ್ತಾಯಿತು. 'ಲೋ, ನಿಲ್ಲೋ' ಎನ್ನುವುದು ಗಂಟಲಿನವರೆಗೂ ಬಂತು.

"ದೆವ್ವದ ಕೈಯಲ್ಲಿ ಚೀಲ ಯಾಕಮ್ಮಾ?" ಒಬ್ಬ ಹೆಂಗಸು ಪಿಸುಗುಟ್ಟಿದಳು.

ಒಂದು ಕೂಗು ಹಾಕಿದರೆ ಆ ತಲೆ ತಿರುಗುತ್ತಿತ್ತು. ತಿರುಗಿದರೆ ಅದು ಉದ್ದಣ್ಣನ ಮುಖ. ಅಕ್ಕ ಆ ಕೂಗನ್ನು ನುಂಗಿಕೊಂಡಳು.

"ಸಮುದ್ರವನ್ನೆಲ್ಲ ಲೂಟಿ ಮಾಡಿದವನಿಗೆ," ಎಂದಳು, "ಕೊನೆಗೆ ಉಳಿದಿದ್ದು ಅಷ್ಟೇ."

ಯಾರೂ ನಗಲಿಲ್ಲ. ಅವಳು ಅಜ್ಜಿಯ ಕೊನೆಯನ್ನು ಅಜ್ಜಿಯ ದನಿಯಲ್ಲೇ ಹೇಳತೊಡಗಿದಳು. ಕಾದು ಕಾದು ಸಾಕಾಯಿತು ಅವನಿಗೆ. ಊರು ಕರೆಯಬಹುದಿತ್ತು, ಕರೆಯಲಿಲ್ಲ. ಅವನೂ ತಿರುಗಿ ನೋಡಲಿಲ್ಲ. ನೀರು ಮತ್ತೆ ಏರಿತು, ಹೆಜ್ಜೆಗಳನ್ನೂ ಉಳಿಸಲಿಲ್ಲ.

ಮ್ಯಾನೇಜರು ಫೋನನ್ನು ಎತ್ತುವುದೇ ಮರೆತಿದ್ದ. ಎಷ್ಟೋ ಹೊತ್ತಿನ ಮೇಲೆ ಅವಳ ಹಿಂದೆ ಬಂದು, "ಅಬ್ಬಾ, ಎಂಥಾ ನಟ ರೀ! ಫೋಟೋ ಹಾಳಾಗಿ ಹೋಗಲಿ, ನಾಳೆಯಿಂದ ಹೀಗೇ ಮಾಡಿಸಿ," ಎಂದ.

ಆಚೆ ದಡದ ಹತ್ತಿರ ದೀಪ ಸಾಸಿವೆಯಷ್ಟಾಗಿ ಆರಿತು. ಜನ ಅವಳ ಮುಖ ನೋಡಲು ಕಾಯುತ್ತಿದ್ದರು. ಅವಳು ಸಮುದ್ರದ ಕಡೆಗೇ ತಿರುಗಿ, ಹೆಗಲು ಅಲುಗಿಸದೆ, ಹಾಗೇ ನಿಂತಿದ್ದಳು.