ಮೊದಲು ತಾಯಿಯ ಮನೆಗೆ ಹೋಗುತ್ತಿದ್ದ ವಕೀಲರು

ಯಾರನ್ನಾದರೂ ನಮ್ಮ ಕೌಂಟಿಯ ಪೊಲೀಸ್ ಮುಖ್ಯಸ್ಥ ಷೆರಿಫನ ಆಳುಗಳು ಹಿಡಿದುಕೊಂಡು ಹೋದರೆಂಬ ಸುದ್ದಿ ಬಂದರೆ ಉಳಿದ ವಕೀಲರು ಜೈಲಿಗೆ ಓಡುತ್ತಾರೆ. ಎಂಬ್ರೀ ಟೊಲಿವರ್ ಅವರು ಮಾತ್ರ ಮೊದಲು ಹೋಗುತ್ತಿದ್ದುದು ಬಂಧಿತನ ತಾಯಿಯ ಅಡುಗೆಮನೆಗೆ. ಅದೂ ಹಿತ್ತಲ ಬಾಗಿಲಿನಿಂದ. ಮುಂಬಾಗಿಲು ತಟ್ಟುವವರು ಪೊಲೀಸರು, ವಿಮೆಯವರು ಮತ್ತು ಪಾದ್ರಿಗಳು, ಈ ಮೂವರನ್ನು ಕಂಡರೆ ಹೆಂಗಸರು ಎದ್ದು ನಿಲ್ಲುತ್ತಾರೆ, ತಮಗೆ ಬೇಕಾದದ್ದು ಕೂತಿರುವ ತಾಯಿ ಎಂಬುದು ಅವರ ವಾದ. ತಾಯಿಯಿಲ್ಲದವರಿದ್ದರೆ ಅಕ್ಕನ ಮನೆ, ಅಕ್ಕನೂ ಇಲ್ಲದಿದ್ದರೆ ಹೆಂಡತಿಯ ಮನೆ. ಹೆಂಡತಿಯರ ಬಗ್ಗೆ ಅವರಿಗೆ ಅಷ್ಟು ಭಯವಿರಲಿಲ್ಲ.

ಎತ್ತರದ, ಒಣಕಲು ಮನುಷ್ಯ. ಭತ್ತದ ಗದ್ದೆಗಳ ನಡುವೆ ಹುಟ್ಟಿ ಬೆಳೆದದ್ದರಿಂದಲೋ ಏನೋ, ಬದುವಿನ ಮೇಲೆ ನಡೆಯುವವರ ಹಾಗೆ ಒಂದು ಪಾದದ ನೇರಕ್ಕೆ ಇನ್ನೊಂದು ಪಾದವನ್ನಿಟ್ಟು, ನ್ಯಾಯಾಲಯದ ವಿಶಾಲವಾದ ಕಲ್ಲುಹಾಸಿನ ಮೇಲೂ ಎಲ್ಲಿ ಕೆಸರಿಗೆ ಜಾರಿಬಿಡುತ್ತೇನೋ ಎಂಬ ಎಚ್ಚರದಲ್ಲಿ ನಡೆಯುತ್ತಿದ್ದರು. ಅಮೆರಿಕದ ನಮ್ಮ ಆರ್ಕನ್ಸಾ ರಾಜ್ಯದ ಆಗಸ್ಟಿನ ಧಗೆಯಲ್ಲೂ ಮೈಯಿಂದ ಇಳಿಯದ ಒಂದು ಕಂದು ಕೋಟು; ಅದರ ಜೇಬುಗಳು ಮೊಣಕಾಲಿನತ್ತ ಜೋತುಬಿದ್ದಿದ್ದವು, ಏಕೆಂದರೆ ಅಡುಗೆಮನೆಗಳಲ್ಲಿ ತಾಯಂದಿರು ಕೊಟ್ಟ ಟೊಮೇಟೊ, ಕಾಗದದಲ್ಲಿ ಸುತ್ತಿದ ಮೆಕ್ಕೆಜೋಳದ ಬ್ರೆಡ್ಡು, ಬೇಯಿಸಿದ ಮೊಟ್ಟೆ ಎಲ್ಲವೂ ಅಲ್ಲಿಯೇ ಸೇರುತ್ತಿದ್ದವು. ಜಾಮೀನಿನ ಅರ್ಜಿ ತೆಗೆಯಲು ಹೋಗಿ ನ್ಯಾಯಾಧೀಶರ ಮೇಜಿನ ಮೇಲೆ ಮೊಟ್ಟೆ ಇಟ್ಟದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಏನು ಹೇಳಿದರೂ ಕೊನೆಗೆ ‘ಅಷ್ಟೇ, ಇನ್ನೇನಿಲ್ಲ’ ಎನ್ನುವುದು ಅವರ ರೂಢಿ. ಇಪ್ಪತ್ತು ವರ್ಷಗಳ ಸಜೆಯ ಮಾತಿಗೂ ಅದೇ ಬಾಲ, ಬಾಗಿಲು ಹಾಕಿಕೊಳ್ಳಿ ಎಂಬುದಕ್ಕೂ ಅದೇ ಬಾಲ.

ದುಡ್ಡು ಕೊಡಲು ಕೈಲಾಗದವರಿಗೆ ಸರಕಾರವೇ ವಕೀಲರನ್ನು ಕೊಡತಕ್ಕದ್ದು ಎಂಬ ಕಾಯಿದೆಯ ದೆಸೆಯಿಂದ ನಡೆಯುತ್ತಿದ್ದ ನಮ್ಮ ಕಚೇರಿಯಲ್ಲಿ ಅವರೊಬ್ಬರೇ ವಕೀಲರು, ನಾನೊಬ್ಬಳೇ ಗುಮಾಸ್ತೆ. ಹನ್ನೊಂದು ವರ್ಷ ಅವರ ಅರ್ಜಿಗಳನ್ನು ಬೆರಳಚ್ಚು ಮಾಡಿದ್ದೇನೆ. ಅವರ ಕಾರನ್ನು ಓಡಿಸುತ್ತಿದ್ದವಳೂ ನಾನೇ. ಎರಡೂ ಬದಿಯ ಪೈರು ನೋಡುತ್ತ ಹೋಗಿ ಅವರು ಒಮ್ಮೆ ಅದನ್ನು ನೇರವಾಗಿ ನೀರಾವರಿ ಕಾಲುವೆಗೆ ಇಳಿಸಿದ್ದರು.

ನಮ್ಮ ಕಡೆಯ ಜನರಿಗೆ ಒಂದು ದೊಡ್ಡ ರೋಗವಿದೆ, ಅದನ್ನು ನಾವು ಮರ್ಯಾದೆ ಎಂದು ಕರೆಯುತ್ತೇವೆ. ಕೇಳಿದವರಿಗೆ ಉತ್ತರ ಕೊಡದಿರುವುದು ಉದ್ಧಟತನ. ಯಾರಿಗೆ ನೋವಾದರೂ, ತಪ್ಪು ಯಾರದಾದರೂ, ‘ಕ್ಷಮಿಸಿ’ ಎನ್ನುವುದು ಮನೆತನದ ಲಕ್ಷಣ. ಕೈಗೆ ಕೋಳ ಹಾಕಿದ ಪೊಲೀಸಿನವನು ಶಾಲೆಯಲ್ಲಿ ಪಕ್ಕದ ಬೆಂಚಿನಲ್ಲಿ ಕೂತವನು, ಭಾನುವಾರ ಒಂದೇ ಚರ್ಚಿನಲ್ಲಿ ಹಾಡುವವನು. ಅಂಥವನು ಕಾಫಿ ತಂದಿಟ್ಟು, ‘ಏನೋ ಇದೆಲ್ಲ ನಿಂದು?’ ಎಂದು ಅಕ್ಕರೆಯಿಂದ ಕೇಳಿದರೆ ಬಾಯಿ ಮುಚ್ಚಿಕೊಂಡು ಕೂರುವುದು ಹೇಗೆ? ಅದಕ್ಕಾಗಿ ಎಂಬ್ರೀಯವರು ಎರಡೇ ವಾಕ್ಯಗಳ ಒಂದು ಚೀಟಿ ಅಚ್ಚು ಹಾಕಿಸಿ, ಚರ್ಚಿನ ಮೀನೂಟಗಳಲ್ಲಿ ಕರಿದ ಮೀನಿನ ಜೊತೆಗೇ ಹಂಚುತ್ತಿದ್ದರು: ‘ನನಗೆ ವಕೀಲರು ಬೇಕು. ಅವರು ಬರುವ ತನಕ ನಾನು ಮಾತಾಡುವುದಿಲ್ಲ.’ ಮಾತಾಡದಿರುವುದು ಹಕ್ಕು, ಅದನ್ನು ಬಾಯಿಬಿಟ್ಟು ಹೇಳಿಯೇ ಪಡೆಯಬೇಕು, ಹೇಳಿದ ಮೇಲೆ ಹವೆಯ ವಿಷಯವನ್ನೂ ಆಡಕೂಡದು ಎಂದು ತಟ್ಟೆ ಹಿಡಿದು ನಿಂತವರಿಗೆ ಪಾಠ ಹೇಳುವರು. ಜನ ನಗುತ್ತಲೇ ಚೀಟಿಯನ್ನು ಮೀನು ಹಿಡಿಯುವ ಪರವಾನಗಿಯ ಜೊತೆ ಮಡಿಸಿಟ್ಟುಕೊಳ್ಳುತ್ತಿದ್ದರು.

ಆದರೆ ಪೊಲೀಸರ ಮುಂದೆ ಕಲ್ಲಾಗಿ ಕೂತವರು ತಾಯಿಯ ಮುಂದೆ ಕರಗಿಬಿಡುತ್ತಿದ್ದರು. ಜೈಲಿನ ಫೋನಿನಲ್ಲಿ ಆಡಿದ್ದೆಲ್ಲ ಧ್ವನಿಮುದ್ರಣವಾಗುತ್ತದೆ. ಹಾಗೆಂದು ಫೋನೇ ಮೊದಲು ಹೇಳುತ್ತದೆ, ಯಾರೂ ಕೇಳಿಸಿಕೊಳ್ಳುವುದಿಲ್ಲ. ನಾನು ಕೆಲಸಕ್ಕೆ ಸೇರಿದ ವರ್ಷ ಒಂದು ಮೊಕದ್ದಮೆಯಲ್ಲಿ ಅಂಥದೊಂದು ಮುದ್ರಣವನ್ನು ಹನ್ನೆರಡು ಮಂದಿ ಜ್ಯೂರಿಯವರ ಮುಂದೆ ನುಡಿಸಿದರು. ‘ಅಮ್ಮನ ಹತ್ರ ನಿಜ ಹೇಳಪ್ಪ’ ಎಂದು ಒಂದು ಮುದುಕಿಯ ದನಿ. ಆಮೇಲೆ ಗಂಡುದನಿ: ‘ಕ್ಷಮಿಸಮ್ಮ.’ ಇಳಿವಯಸ್ಸಿನಲ್ಲಿ ತಾಯಿಗೆ ಇಂಥ ಗೋಳು ತಂದಿಟ್ಟೆನಲ್ಲಾ ಎಂಬ ಸಂಕಟಕ್ಕೆ ಅವನು ಹಾಗೆ ಅಂದಿರಬಹುದು. ಜ್ಯೂರಿಯವರು ಅದನ್ನು ತಪ್ಪೊಪ್ಪಿಗೆಯೆಂದು ಎಣಿಸಿ ಹದಿನೆಂಟು ವರ್ಷಕ್ಕೆ ಕಳಿಸಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಸಂಜೆ ಎಂಬ್ರೀಯವರು ಕಚೇರಿಯಲ್ಲಿ ದೀಪ ಹಾಕದೆ ಕೂತಿದ್ದರು. ತಾಯಂದಿರ ಮನೆಗೆ ಮೊದಲು ಹೋಗುವ ಪದ್ಧತಿ ಶುರುವಾದದ್ದು ಅದರ ನಂತರ.

ಅವರ ಈ ಪದ್ಧತಿಯ ಪೂರ್ತಿ ಬೆಲೆ ನನಗೆ ತಿಳಿದದ್ದು ಡೆರಲ್ ಪ್ಲೆಡ್ಜರನ ಮೊಕದ್ದಮೆಯಲ್ಲಿ. ಏಪ್ರಿಲ್ ತಿಂಗಳಿನಲ್ಲಿ ಊರಾಚೆಯ ಒಂದು ಬೀಜದ ಗೋದಾಮು ಸುಟ್ಟುಹೋಯಿತು. ಮೂವತ್ತೊಂದು ವರ್ಷದ ಡೆರಲ್ ಅಲ್ಲಿ ಕೆಲಸಕ್ಕಿದ್ದವನು. ಹಿಂದಿನ ವಾರವಷ್ಟೇ ಧಣಿಯೊಡನೆ ಜಗಳವಾಡಿ, ‘ಇದೆಲ್ಲ ಸುಟ್ಟು ಬೂದಿಯಾಗ್ಲಿ’ ಎಂದು ಹತ್ತು ಜನರ ಎದುರಿಗೆ ಕೂಗಿ ಕೆಲಸ ಬಿಟ್ಟಿದ್ದ. ಬೆಂಕಿ ಬಿದ್ದ ಸಂಜೆ ಅವನ ಗಾಡಿ ಆ ರಸ್ತೆಯಲ್ಲಿ ಕಂಡಿತ್ತು. ಇಷ್ಟು ಸಾಕಾಯಿತು. ಹಿಡಿದಾಗ ಅವನು ಚೀಟಿಯ ಎರಡು ವಾಕ್ಯಗಳನ್ನು ಓದಿ ಹೇಳಿ ಬಾಯಿ ಮುಚ್ಚಿಕೊಂಡನಂತೆ. ಅವನ ಜೊತೆ ಶಾಲೆಗೆ ಹೋಗಿದ್ದ ಪೊಲೀಸಿನವನಿಗೆ ಅದರಿಂದ ಬಹಳ ಬೇಸರವಾಯಿತು.

ಅವನ ತಾಯಿ ಓನೀಟಾ ಪ್ಲೆಡ್ಜರ್ ವಿಧವೆ, ಭಾನುವಾರ ಮಕ್ಕಳಿಗೆ ಬೈಬಲ್ ಪಾಠ ಹೇಳುವಾಕೆ, ಅಂಗಡಿಯವನು ಚಿಲ್ಲರೆ ಹೆಚ್ಚು ಕೊಟ್ಟರೆ ಎರಡು ಮೈಲಿ ವಾಪಸು ನಡೆಯುವಂಥವಳು. ನಾವು ಹಿತ್ತಲಿನಿಂದ ಒಳಗೆ ಹೋದಾಗ ಬಂಧನದ ವಾರಂಟನ್ನು ಮೇಜಿನ ಮೇಲೆ ಹರವಿಕೊಂಡು, ಬೆರಳಿಟ್ಟು ಓದುತ್ತಿದ್ದಳು. ನಮಗೆ ಮಂಜುಗಡ್ಡೆ ಹಾಕಿದ ಸಿಹಿ ಚಹ ಕೊಟ್ಟು ಮತ್ತೆ ಅದೇ ಸಾಲಿಗೆ ಬೆರಳಿಟ್ಟಳು.

“ಇದೇನು ವಕೀಲ್ರೇ, ‘ಆರ್ಕನ್ಸಾ ರಾಜ್ಯ ವಿರುದ್ಧ ಡೆರಲ್ ಪ್ಲೆಡ್ಜರ್’ ಅಂತ? ನನ್ನ ಒಬ್ಬ ಮಗನ ಮೇಲೆ ಇಡೀ ರಾಜ್ಯಾನಾ?”

“ಸುಟ್ಟಿದ್ದು ಧಣಿದು, ದೂರು ರಾಜ್ಯದ್ದು, ಓನೀಟಮ್ಮ. ಇಂಥ ಅಪರಾಧ ಎಲ್ಲರ ಮೇಲೂ ಆದ ಹಾಗೆ ಅಂತ ಕಾನೂನು. ಅದಕ್ಕೇ ಎಲ್ಲರ ಹೆಸರಲ್ಲೂ ಹಾಕ್ತಾರೆ.”

“ಹಂಗಾದ್ರೆ ನಾನೂ ಈ ರಾಜ್ಯದೋಳೇ ಅಲ್ವಾ? ಹುಟ್ಟಿದ್ದೂ ಇಲ್ಲೇ, ಮಣ್ಣಾಗೋದೂ ಇಲ್ಲೇ. ನಾನೂ ಅವನ ವಿರುದ್ಧಾನಾ?”

ಎಂಬ್ರೀಯವರು ಚಹದ ಲೋಟವನ್ನು ಕೆಳಗಿಟ್ಟರು. “ಕಾಗದದ ಪ್ರಕಾರ ಹೌದು. ಅದಕ್ಕೇ ಮೊದ್ಲು ನಿಮ್ಮ ಹತ್ರ ಬಂದಿದ್ದು.”

ಆಮೇಲೆ ಎಂದಿನ ಪಾಠ. ಅವನು ಇನ್ನೇನು ಫೋನು ಮಾಡುತ್ತಾನೆ. ಮಾಡಿದೆಯಾ ಎಂದು ಕೇಳಕೂಡದು. ಎಲ್ಲಿದ್ದೆ, ಯಾರ ಜೊತೆಗಿದ್ದೆ ಎಂದು ಕೇಳಕೂಡದು. ಜೈಲಿಗೆ ನೋಡಲು ಹೋದರೆ ಗಾಜಿನ ಆಚೀಚೆ ಅಲ್ಲಿಯೂ ಫೋನೇ. ಕಾಗದ ಬರೆದರೆ ಒಡೆದು ಓದುತ್ತಾರೆ. ಅವನೊಡನೆ ಗುಟ್ಟಾಗಿ ಮಾತಾಡುವ ಹಕ್ಕು ವಕೀಲನೊಬ್ಬನಿಗೇ, ಹೆತ್ತವಳಿಗೂ ಇಲ್ಲ. “ನಾಯಿ ವಿಷಯ ಮಾತಾಡಿ, ಹಿತ್ತಲ ವಿಷಯ ಮಾತಾಡಿ. ಅಷ್ಟೇ, ಇನ್ನೇನಿಲ್ಲ.”

“ನಿಜ ಹೇಳೋಕೆ ಎಂಥ ಹೆದರಿಕೆ ವಕೀಲ್ರೇ? ನಾನು ಅವನಿಗೆ ಕಲಿಸಿದ್ದೇ ಅದೊಂದು.”

“ನಿಜ ಹೇಳೋಕೂ ಒಂದು ಜಾಗ ಇದೆ, ಒಂದು ಹೊತ್ತಿದೆ ಕಣಮ್ಮ. ಆ ಫೋನು ಆ ಜಾಗ ಅಲ್ಲ.”

ನಾವಿನ್ನೂ ಅಲ್ಲೇ ಇರುವಾಗ ಗೋಡೆಯ ಫೋನು ಬಡಿದುಕೊಂಡಿತು. ಓನೀಟಮ್ಮ ಎದ್ದು, ಏಪ್ರನ್ನಿಗೆ ಕೈ ಒರೆಸಿಕೊಂಡು, ಎಂಬ್ರೀಯವರ ಮುಖವನ್ನೇ ನೋಡುತ್ತ ರಿಸೀವರು ಎತ್ತಿದಳು. “ಹ್ಞೂಂ ಮಗಾ... ಊಟ ಮಾಡಿದ್ಯಾ?... ಡ್ಯೂಕ್ ಇಲ್ಲೇ ಇದಾನೆ, ಬಾಗಿಲ ಹತ್ರ ಮಲಗಿದಾನೆ. ಪಕ್ಕದ ಮನೆ ಕೋಳಿ ಅಟ್ಟಿಸ್ಕೊಂಡು ಹೋಗಿದ್ದ, ಮುಂಡೇದು... ಈ ಸಲ ಅಲಸಂದೆ ಎರಡು ಸಾಲು ಜಾಸ್ತಿ ಹಾಕೋಣ ಅಂತಿದೀನಿ.” ಅವಳ ಇನ್ನೊಂದು ಕೈ ಫೋನಿನ ವೈರನ್ನು ಬೆರಳಿಗೆ ಸುತ್ತಿ ಸುತ್ತಿ ಬೆರಳು ಬೆಳ್ಳಗಾಗಿತ್ತು. ಫೋನು ಇಟ್ಟ ಮೇಲೆ ಕಣ್ಣೊರೆಸಿಕೊಳ್ಳಲಿಲ್ಲ. ಎಂಬ್ರೀಯವರಿಗೆ ಎರಡು ಟೊಮೇಟೊ ಕೊಟ್ಟಳು.

ಮೂರು ದಿನದೊಳಗೆ ನ್ಯಾಯಾಧೀಶರು ಆರೋಪವನ್ನು ಓದಿ ಹೇಳಿ, ಮನೆ ಮಾರಿದರೂ ಸಾಲದಷ್ಟು ಜಾಮೀನು ಗೊತ್ತುಮಾಡಿದರು. ಹೀಗಾಗಿ ಅವನು ಒಳಗೇ ಉಳಿದ. ವಾರಕ್ಕೆರಡು ಸಲ ಫೋನು. ಅಲಸಂದೆ ಬಿತ್ತಿದ್ದು, ಹೂ ಬಿಟ್ಟಿದ್ದು, ಕಾಳು ಸುಲಿದದ್ದು, ನಾಯಿಯ ಕಾಲಿಗೆ ಮುಳ್ಳು ಹೊಕ್ಕದ್ದು. ಆ ಮುದ್ರಣಗಳ ಪ್ರತಿ ನಮ್ಮ ಕಚೇರಿಗೂ ಬರುತ್ತಿತ್ತು, ರಾಜ್ಯ ತನ್ನ ಹತ್ತಿರ ಇರುವುದನ್ನೆಲ್ಲ ನಮಗೆ ತೋರಿಸಲೇಬೇಕು. ಕೇಳಿ ಬೆರಳಚ್ಚು ಮಾಡುವುದು ನನ್ನ ಕೆಲಸ. ಅಷ್ಟು ನಿಷ್ಠೆಯಿಂದ ಅವರ ಮಾತು ಪಾಲಿಸಿದ ತಾಯಿ ಇನ್ನೊಬ್ಬಳಿಲ್ಲ. ಎಂಬ್ರೀಯವರು ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು, ನನಗೂ ಹೆಮ್ಮೆಯೇ ಆಗಿತ್ತು.

ಅಕ್ಟೋಬರಿನಲ್ಲಿ ಸರಕಾರಿ ವಕೀಲರಿಂದ ಒಂದು ಕಾಗದ ಬಂತು: ತಪ್ಪೊಪ್ಪಿಕೊಂಡರೆ ಆರು ವರ್ಷ, ವಿಚಾರಣೆಗೆ ಹೋಗಿ ಸೋತರೆ ಇಪ್ಪತ್ತು. ಜೈಲಿನ ಸಣ್ಣ ಕೋಣೆಯಲ್ಲಿ ಎಂಬ್ರೀಯವರು ಅದನ್ನು ಓದಿ ಹೇಳಿದಾಗ ಡೆರಲ್ ಸುಮ್ಮನೆ ಕೈ ಚಾಚಿ ನನ್ನ ಪೆನ್ನು ತೆಗೆದುಕೊಂಡ. “ಯೋಚನೆ ಮಾಡೋ. ಇದು ನಿನ್ನೊಬ್ಬನ ತೀರ್ಮಾನ, ನಾನೂ ಹೇಳೋ ಹಾಗಿಲ್ಲ, ನ್ಯಾಯಾಧೀಶರೂ ಹೇಳೋ ಹಾಗಿಲ್ಲ” ಎಂದರು ಎಂಬ್ರೀಯವರು. ಅವನು ಪೆನ್ನನ್ನು ಬಹಳ ಹೊತ್ತು ಹಿಡಿದುಕೊಂಡಿದ್ದು, “ನಾಳೆ ಹೇಳ್ತೀನಿ ಸಾರ್” ಎಂದ. ಮರುದಿನ ಬೇಡವೆಂದ. ಕಾರಣ ಕೇಳುವುದು ಎಂಬ್ರೀಯವರ ರೂಢಿಯಲ್ಲ.

ಜನವರಿಯಲ್ಲಿ ವಿಚಾರಣೆಯ ದಿನ ಬೆಳಿಗ್ಗೆ ಸರಕಾರಿ ವಕೀಲರು ಎದ್ದು ನಿಂತು, ಬೆಂಕಿ ಹತ್ತಿದ್ದು ಧಾನ್ಯ ಒಣಗಿಸುವ ಯಂತ್ರದ ಹಳೆಯ ತಂತಿಯಿಂದ ಎಂದು ತಜ್ಞರ ವರದಿ ಬಂದಿದೆಯೆಂದೂ, ರಾಜ್ಯವು ಆರೋಪವನ್ನು ಕೈಬಿಡುತ್ತದೆಯೆಂದೂ ಎರಡು ನಿಮಿಷದಲ್ಲಿ ಹೇಳಿ ಕೂತರು. ‘ಕ್ಷಮಿಸಿ’ ಎಂಬ ಮಾತು ಬರಲಿಲ್ಲ. ನಮ್ಮ ಕೌಂಟಿಯಲ್ಲಿ ಆ ಮರ್ಯಾದೆ ಮನುಷ್ಯರಿಗೆ ಮಾತ್ರ, ರಾಜ್ಯಕ್ಕಿಲ್ಲ.

ಅವನನ್ನು ಮನೆಗೆ ಕರೆದೊಯ್ದವರು ನಾವೇ. ತಾಯಿ ಅವನ ಕೊರಳು ತಬ್ಬಿ ಅತ್ತಳು, ಎಂಬ್ರೀಯವರ ಕೈ ಹಿಡಿದು ಅತ್ತಳು, ನಾಲ್ವರಿಗೂ ಅಲಸಂದೆಯ ಪಲ್ಯ, ಬ್ರೆಡ್ಡು ಬಡಿಸಿದಳು. ಡೆರಲ್ ಅರ್ಧ ತಿಂದು ಚಮಚ ಇಟ್ಟ.

“ಒಂಬತ್ತು ತಿಂಗಳು. ಒಂದೇ ಒಂದ್ಸಲನೂ ಕೇಳ್ಲಿಲ್ಲ ನೀನು.”

“ಅದು ನಾನು ಬೇಡ ಅಂದಿದ್ದು” ಎಂದರು ಎಂಬ್ರೀಯವರು.

“ಗೊತ್ತು ಸಾರ್, ನಂಗೂ ಹೇಳಿದ್ರಿ. ಮೊದಲ್ನೇ ತಿಂಗಳು ನೆನಪಿತ್ತು. ಆಮೇಲಾಮೇಲೆ ರಾತ್ರಿ ಮಲಗಿದ್ರೆ ಅನ್ಸೋದು, ಇವ್ಳು ಕೇಳ್ತಿಲ್ಲ ಅಂದ್ರೆ ಇವ್ಳಿಗೆ ಉತ್ತರ ಗೊತ್ತಿದೆ ಅಂತ. ಅಕ್ಟೋಬರಲ್ಲಿ ಸಹಿ ಹಾಕ್ಬಿಡ್ತಿದ್ದೆ. ಹೆತ್ತೋಳೇ ನಾನು ಮಾಡ್ದೆ ಅಂದ್ಕೊಂಡ್ರೆ ಇನ್ಯಾರಿಗೋಸ್ಕರ ಹೊರಗೆ ಬರೋದು? ಮಾಡ್ದೇ ಇರೋದನ್ನ ಮಾಡ್ದೆ ಅಂತ ಬರಿಯೋಕೆ ಕೈ ಏಳ್ಲಿಲ್ಲ, ಅಷ್ಟೇ.”

“ಈಗ ಕೇಳ್ಲಾ ಮಗಾ?” ಎಂದಳು ಓನೀಟಮ್ಮ. ಆ ದನಿ ನನಗೆ ಸಹಿಸಲಾಗಲಿಲ್ಲ.

“ಈಗ್ಯಾಕೆ? ಈಗ ಎಲ್ಲಾರ್ಗೂ ಗೊತ್ತಲ್ಲ.”

ಅವಳು ಅಲ್ಲಿಗೇ ಬಿಡಬಹುದಿತ್ತು. ವಕೀಲರ ಅಪ್ಪಣೆಯೆಂಬ ಆಸರೆಯಿತ್ತು, ಅದರ ಹಿಂದೆ ಸಾಯುವ ತನಕ ನಿಲ್ಲಬಹುದಿತ್ತು. ಆದರೆ ಚಿಲ್ಲರೆ ಹಿಂತಿರುಗಿಸಲು ಎರಡು ಮೈಲಿ ನಡೆಯುವ ಹೆಂಗಸು ಆಕೆ. “ಅವ್ರ ಮೇಲೆ ಹಾಕ್ಬೇಡ. ಕೇಳ್ಬೇಡಿ ಅಂದಾಗ ನಂಗೆ ಸಮಾಧಾನ ಆಗಿತ್ತು ಕಣೋ” ಎಂದಳು. “ನಿಂಗೆ ಹನ್ನೆರಡು ವರ್ಷ ಇದ್ದಾಗ ನಿಮ್ಮ ಚಿಕ್ಕಪ್ಪನ ಹುಲ್ಲುಮೆದೆ ಸುಟ್ಟಿತ್ತಲ್ಲ. ನಾನಲ್ಲ ಅಂದಿದ್ದೆ. ನಂಬಿದ್ದೆ. ಆಮೇಲೆ ನೀನೇ ಅಂತ ಗೊತ್ತಾಯ್ತು. ಈ ಸಲ ಮತ್ತೆ ನಾನಲ್ಲ ಅಂದ್ಬಿಟ್ರೆ ನಂಬಕ್ಕಾಗುತ್ತೋ ಇಲ್ವೋ ಅಂತ ಹೆದ್ರಿದ್ದೆ. ನಿಂಗಲ್ಲ, ನಂಗೆ ನಾನೇ ಹೆದ್ರಿದ್ದೆ.”

ಡೆರಲ್ ತಟ್ಟೆಯಲ್ಲಿ ಉಳಿದದ್ದನ್ನು ಪೂರ್ತಿ ತಿಂದ, ತಟ್ಟೆ ತೊಳೆದಿಟ್ಟ, ನಾಯಿಯನ್ನು ಕರೆದುಕೊಂಡು ಹಿತ್ತಲಿಗೆ ಹೋದ. ಎಂಬ್ರೀಯವರು ಎದ್ದರು. ಆ ದಿನ ಅವರ ಜೇಬಿಗೆ ಯಾರೂ ಏನೂ ಹಾಕಲಿಲ್ಲ.

ಕಾರಿನಲ್ಲಿ ನಾನು ಕೇಳಿದೆ: “ಇನ್ಮೇಲೂ ಹೀಗೇ ಹೇಳ್ತೀರಾ, ತಾಯಂದಿರಿಗೆ?”

“ಹೀಗೇ ಹೇಳ್ತೀನಿ, ಲೂರೀನ್. ಅವನು ಮನೇಲಿದಾನೆ” ಎಂದು ಅವರು ಕಿಟಕಿಯಾಚೆ ನೋಡಿದರು. ಜನವರಿಯ ಗದ್ದೆಗಳಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಅವರ ಮಾತಿಗೆ ಆ ದಿನ ಬಾಲವಿರಲಿಲ್ಲವೆಂಬುದನ್ನು ನಾನು ಗಮನಿಸಿದೆ.

ಮುಂದಿನ ಬುಧವಾರವೇ ಇನ್ನೊಬ್ಬ ತಾಯಿಯ ಹಿತ್ತಲ ಬಾಗಿಲು ತಟ್ಟಿದರು, ಅದೇ ಪಾಠ ಹೇಳಿದರು. ಅವರು ಪಾರುಮಾಡಿದ ಮನೆಗಳವರು ಆಮೇಲೆ ಅವರನ್ನು ಊಟಕ್ಕೆ ಕರೆದದ್ದನ್ನು ನಾನು ಕಾಣೆ. ಪೇಟೆಯಲ್ಲಿ ಎದುರಾದರೆ ಟೋಪಿ ಮುಟ್ಟಿ ನಮಸ್ಕರಿಸಿ ಆಚೆ ಬದಿಗೆ ದಾಟುತ್ತಿದ್ದರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗಿಲ್ಲ ಎಂದು ಜನ ಇಂಥದ್ದಕ್ಕೆ ಹೇಳುತ್ತಾರೆ, ನಾನೂ ಬಹಳ ಕಾಲ ಹಾಗೆಯೇ ತಿಳಿದು ಒಳಗೊಳಗೇ ಕುದಿದಿದ್ದೆ. ಅದು ಕೃತಘ್ನತೆಯಲ್ಲವೆಂದು ಈಗ ಅನ್ನಿಸುತ್ತದೆ. ಕಾನೂನು ಮನುಷ್ಯನಿಗೆ ಕೊಟ್ಟ ಹಕ್ಕುಗಳೆಲ್ಲ ಅವನನ್ನು ರಾಜ್ಯದ ಕೈಯಿಂದ ಬಿಡಿಸಿಕೊಳ್ಳುವುದಕ್ಕಿರುವಂಥವು. ತನ್ನವರ ಸಂಶಯದಿಂದ ಬಿಡಿಸುವ ಹಕ್ಕನ್ನು ಯಾವ ಕಾಯಿದೆಯೂ ಬರೆದಿಲ್ಲ. ಎಂಬ್ರೀಯವರಂಥವರು ಇದನ್ನು ಬಲ್ಲರು, ಬಲ್ಲರೆಂದೇ ಅದರ ಗೊಡವೆಗೆ ಹೋಗುವುದಿಲ್ಲ. ಮಗನನ್ನು ಜೀವಂತವಾಗಿ ತಂದು ಹಿತ್ತಲ ಬಾಗಿಲಲ್ಲಿ ನಿಲ್ಲಿಸುವ ತನಕ ಅವರ ಕೆಲಸ. ಅವನು ಹೊಸ್ತಿಲು ದಾಟಿ ಒಳಗೆ ಹೋಗುವುದಕ್ಕೆ ಎಷ್ಟು ವರ್ಷ ಹಿಡಿಯುತ್ತದೆಂಬುದನ್ನು ನೋಡಲು ಅವರು ನಿಲ್ಲುವುದಿಲ್ಲ, ಮನೆಯವರೂ ಅವರನ್ನು ನಿಲ್ಲಿ ಎನ್ನುವುದಿಲ್ಲ.